ಹೆಗಲಿಗೆ ದುರ್ಬೀನು ಆಪರೇಷನ್: ಹತ್ತು ವರ್ಷದ ಮೇಲೆ ಏನು?



ನಮ್ಮ ಸಂಘದ ರಾಜ್ಯೋತ್ಸವದ ದಿನ ತೋರಣ ಕಟ್ಟುವಾಗ ಒಂದು ದೃಶ್ಯವನ್ನು ನೀವೂ ನೋಡಿರಬಹುದು. ಹಿರಿಯರೊಬ್ಬರು ಉತ್ಸಾಹದಿಂದ ದಾರ ಹಿಡಿದು ಮುಂದೆ ಬರುತ್ತಾರೆ. ಕೈ ಹೆಗಲಿನ ಮಟ್ಟಕ್ಕೆ ಏರುತ್ತಲೇ ಮುಖ ಕಿವುಚಿಕೊಂಡು, "ನೀ ಕಟ್ಟಪಾ, ನನ್ನ ಕೈ ಮ್ಯಾಲೆ ಏಳೂದಿಲ್ಲ" ಎಂದು ದಾರವನ್ನು ಹುಡುಗರ ಕೈಗೆ ಕೊಡುತ್ತಾರೆ. ನಾವು ನಗುತ್ತೇವೆ, ಕಟ್ಟುತ್ತೇವೆ, ಮರೆಯುತ್ತೇವೆ. ಆ ಹಿರಿಯರಲ್ಲಿ ಒಬ್ಬರು ನನ್ನ ಸೋದರಮಾವ. ಅವರ ಕೈ ಏಕೆ ಮೇಲೆ ಏಳುವುದಿಲ್ಲ ಎಂಬುದನ್ನು ಹೇಳಲು ಈ ಲೇಖನ ಬರೆಯುತ್ತಿದ್ದೇನೆ. ಅದರಲ್ಲಿ ನನ್ನದೂ ಒಂದು ತಪ್ಪಿದೆ. ಆ ತಪ್ಪು ನಿಮ್ಮಲ್ಲಿ ಯಾರಿಂದಲೂ ಆಗದಿರಲಿ ಎಂಬುದೇ ನನ್ನ ಆಸೆ.

ಅಂಬಡ್‌ನ ಹೆಗಲುಗಳು

ನಾಸಿಕದಲ್ಲಿರುವ ನಮಗೆ ಅಂಬಡ್ ಎಂದರೆ ಎಂ.ಐ.ಡಿ.ಸಿ. ಸಿಡ್ಕೋ ಬಡಾವಣೆಯ ಪಕ್ಕದಲ್ಲಿ ಹಬ್ಬಿರುವ ಕಾರ್ಖಾನೆಗಳ ಸಾಲು. ಸಂಭಾಜಿನಗರದ ಕಡೆಯ ಮಿತ್ರರಿಗೆ ಅಂಬಡ್ ಎಂದರೆ ಬೇರೆ. ಅದು ಜಾಲನಾ ಜಿಲ್ಲೆಯ ತಾಲೂಕು ಊರು, ಮತ್ಸ್ಯೋದರಿ ದೇವಿಯ ಊರು. ಅಲ್ಲಿ ಹೆಗಲು ಸವೆಯುವುದು ಕಬ್ಬಿನ ಹೊರೆಗೆ, ಹತ್ತಿಯ ಮೂಟೆಗೆ. ಇಲ್ಲಿ ಸವೆಯುವುದು ತಲೆಯ ಮೇಲಿನ ಪೈಪಿಗೆ ಪಾನಾ ಹಾಕುವ ಫಿಟರ್‌ಗೆ, ಟೆಂಪೋ ತುಂಬುವ ಹಮಾಲನಿಗೆ, ದಿನವಿಡೀ ಬಣ್ಣದ ಗನ್ ಎತ್ತಿ ಹಿಡಿಯುವವನಿಗೆ. ಊರು ಎರಡಾದರೂ ಹೆಗಲು ಒಂದೇ.

ನಮ್ಮ ಹಿರಿಯರು ಇಲ್ಲಿಗೆ ಬಂದದ್ದೂ ಈ ಹೆಗಲನ್ನೇ ನಂಬಿ. ಬೆಂಗಳೂರಿನ ಎಚ್.ಎ.ಎಲ್. 1964ರಲ್ಲಿ ಓಝರ್‌ನಲ್ಲಿ ಮಿಗ್ ವಿಮಾನಗಳ ಕಾರ್ಖಾನೆ ತೆರೆದಾಗ ಕೆಲವರು ಬಂದರು. ಬೆಂಗಳೂರಿನ ಮೈಕೋ ಸಾತ್ಪುರದಲ್ಲಿ ಕಾರ್ಖಾನೆ ಹಾಕಿದಾಗ ಇನ್ನು ಕೆಲವರು ಬಂದರು. ಆಮೇಲೆ ವಿಜಯಪುರ, ಕಲಬುರಗಿ, ಬೀದರ್ ಕಡೆಯಿಂದ ಯಾವ ಕಂಪನಿಯ ಪತ್ರವೂ ಇಲ್ಲದೆ, ಪರಿಚಯದವರ ವಿಳಾಸ ಒಂದನ್ನೇ ಕಿಸೆಯಲ್ಲಿ ಇಟ್ಟುಕೊಂಡು ಬಂದವರು ಅನೇಕರು. ನನ್ನ ಮಾಮಾ ಹಾಗೆ 1994ರಲ್ಲಿ ಇಂಡಿ ತಾಲೂಕಿನಿಂದ ಬಂದವರು. ಆ ತಲೆಮಾರಿಗೆ ಈಗ ಐವತ್ತು, ಅರವತ್ತು ದಾಟಿದೆ. ಹೆಗಲಿನ ಸ್ನಾಯುರಜ್ಜು ಹರಿಯುವ ವಯಸ್ಸೂ ಅದೇ.

ಏನು ಹರಿಯುತ್ತದೆ?

ನಮ್ಮ ಮನೆಗಳಲ್ಲಿ "ಹೆಗಲಿನ ನರ ಹರಿದಿದೆ" ಎನ್ನುತ್ತಾರೆ. ಹರಿಯುವುದು ನರವಲ್ಲ. ಸ್ನಾಯುವನ್ನು ಎಲುಬಿಗೆ ಕಟ್ಟಿರುವ ಗಟ್ಟಿ ಪಟ್ಟಿ, ಅಂದರೆ ಸ್ನಾಯುರಜ್ಜು. ಸೊಂಟದ ಕೀಲಿನಲ್ಲಿ ತೊಡೆಯೆಲುಬಿನ ಗುಂಡು ಒಂದು ಆಳವಾದ ಬಟ್ಟಲಿನಲ್ಲಿ ಕೂತಿರುತ್ತದೆ. ಹೆಗಲಿನಲ್ಲಿ ಬಟ್ಟಲು ಆಳವಿಲ್ಲ, ತಟ್ಟೆಯಷ್ಟು ಚಪ್ಪಟೆ. ಅದರಿಂದಲೇ ಕೈ ಎಲ್ಲ ದಿಕ್ಕಿಗೂ ತಿರುಗುತ್ತದೆ. ಬೆನ್ನು ಕೆರೆದುಕೊಳ್ಳಬಹುದು, ಚೆಂಡು ಎಸೆಯಬಹುದು. ಆದರೆ ಗುಂಡು ತಟ್ಟೆಯಿಂದ ಜಾರದಂತೆ ಹಿಡಿಯುವವರು ಬೇಕಲ್ಲ? ಆ ಕೆಲಸಕ್ಕೆ ನಾಲ್ಕು ಸ್ನಾಯುಗಳಿವೆ. ಅವುಗಳ ರಜ್ಜುಗಳು ಒಟ್ಟಾಗಿ ಗುಂಡನ್ನು ಅಂಗಿಯ ತೋಳಿನ ಪಟ್ಟಿಯಂತೆ ಸುತ್ತುವರಿದಿವೆ. ಅದಕ್ಕೇ ಈ ಗುಂಪಿಗೆ ರೊಟೇಟರ್ ಕಫ್ ಎಂದು ಹೆಸರು. ನಾಲ್ಕರಲ್ಲಿ ಮೇಲಿನದು ಸುಪ್ರಾಸ್ಪೈನೇಟಸ್. ಹೆಚ್ಚಾಗಿ ಹರಿಯುವುದು ಅದೇ.

ಹರಿಯುವುದರಲ್ಲಿ ಎರಡು ಬಗೆ. ಒಂದು, ಬಿದ್ದು ಅಥವಾ ಭಾರಕ್ಕೆ ಸಿಕ್ಕು ಒಮ್ಮೆಗೇ ಹರಿಯುವುದು. ಇನ್ನೊಂದು, ಹಳೆಯ ಧೋತರ ಮಡಿಕೆಯಲ್ಲಿ ಸವೆದು ಬಿಡುವ ಹಾಗೆ ವರ್ಷಗಟ್ಟಲೆ ಸವೆದು ಹರಿಯುವುದು. ಎರಡನೆಯದು ನಾವು ತಿಳಿದಿರುವುದಕ್ಕಿಂತ ಬಹಳ ಸಾಮಾನ್ಯ. ಅಮೆರಿಕೆಯಲ್ಲಿ ಹೆಗಲು ನೋವೇ ಇಲ್ಲದ 96 ಜನರಿಗೆ ಎಂ.ಆರ್.ಐ. ಮಾಡಿ ನೋಡಿದರು, ಫಲಿತಾಂಶ 1995ರಲ್ಲಿ ಪ್ರಕಟವಾಯಿತು. ಅರವತ್ತು ದಾಟಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಪೂರ್ತಿಯೋ ಭಾಗಶಃವೋ ಹರಿದ ಗುರುತಿತ್ತು. 2006ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಒಂದೇ ಹೆಗಲು ನೋಯುತ್ತಿದ್ದ 588 ಜನರ ಎರಡೂ ಹೆಗಲುಗಳನ್ನು ಪರೀಕ್ಷಿಸಿದರು. ಎಲ್ಲಿಯೂ ಹರಿಯದವರ ಸರಾಸರಿ ವಯಸ್ಸು ಸುಮಾರು 49, ಒಂದು ಕಡೆ ಹರಿದವರದು 59, ಎರಡೂ ಕಡೆ ಹರಿದವರದು 68. ಹತ್ತು ಹತ್ತು ವರ್ಷಕ್ಕೆ ಒಂದೊಂದು ಮೆಟ್ಟಿಲು ಇಳಿದಂತಿದೆ ಈ ಲೆಕ್ಕ.

ಆದ್ದರಿಂದ ಎಂ.ಆರ್.ಐ. ವರದಿಯಲ್ಲಿ "ಹರಿದಿದೆ" ಎಂಬ ಶಬ್ದ ಕಂಡೊಡನೆ ಮನೆಯವರೆಲ್ಲ ಗಾಬರಿಯಾಗಬೇಕಿಲ್ಲ. ಆದರೆ ಬಿದ್ದ ಮರುದಿನ ಕೈ ಎತ್ತಲಾಗದಿದ್ದರೆ ಎಣ್ಣೆ ತಿಕ್ಕಿಕೊಂಡು ತಿಂಗಳು ಕಳೆಯುವುದೂ ಸಲ್ಲದು. ಮೊದಲು ತಿಳಿಯಬೇಕಾದದ್ದು ಇದು ಯಾವ ಬಗೆ ಎಂಬುದು.

ಮಾಮಾನ ಕಥೆ

2015ರ ಅಕ್ಟೋಬರ್ ತಿಂಗಳು. ಮಾಮಾಗೆ ಆಗ ನಲವತ್ಮೂರು. ಅಂಬಡ್‌ನ ಒಂದು ಸಣ್ಣ ಕಾರ್ಖಾನೆಯಲ್ಲಿ ಕಾಂಟ್ರಾಕ್ಟ್ ಮೇಲೆ ಫಿಟರ್. ಏಣಿ ಜಾರಿತು. ಬೀಳುವಾಗ ಬಲಗೈಯಿಂದ ಪೈಪು ಹಿಡಿದರು, ಇಡೀ ಮೈಭಾರ ಹೆಗಲಿನ ಮೇಲೆ ಬಿತ್ತು. "ಅಪಘಾತ ಅಂತ ಬರೆಸಬ್ಯಾಡ, ಮನ್ಯಾಗ ಬಿದ್ದೆ ಅನ್ನು, ಎಲ್ಲರಿಗೂ ತ್ರಾಸ" ಎಂದು ಅಲ್ಲಿನ ಮೇಲ್ವಿಚಾರಕ ಹೇಳಿದ. ಮಾಮಾ ಹಾಗೇ ಹೇಳಿದರು. ಈ ಒಂದು ಮಾತಿನ ಬೆಲೆ ಎಷ್ಟೆಂಬುದು ಆಗ ನಮಗೆ ತಿಳಿಯಲಿಲ್ಲ.

ಮುಲಾಮು, ಇಂಜೆಕ್ಷನ್, ಆಮೇಲೆ ಎಂ.ಆರ್.ಐ. ಎಂದು ಐದಾರು ವಾರ ಕಳೆಯಿತು. ಸುಪ್ರಾಸ್ಪೈನೇಟಸ್ ಪೂರ್ತಿ ಹರಿದಿದೆ, ವಯಸ್ಸು ಚಿಕ್ಕದು, ಹೊಲಿಯುವುದು ಒಳ್ಳೆಯದು, ದುರ್ಬೀನಿನಿಂದ ಮಾಡುತ್ತೇವೆ ಎಂದರು ಡಾಕ್ಟರು. ನವೆಂಬರ್ ಕೊನೆಗೆ ಆಪರೇಷನ್ ಆಯಿತು. ಮೂರನೆಯ ದಿನ ಮಾಮಾ ಮನೆಯಲ್ಲಿದ್ದರು. ಹೆಗಲಿನ ಮೇಲೆ ನಾಲ್ಕು ಸಣ್ಣ ತೂತು, ಪ್ರತಿಯೊಂದಕ್ಕೂ ಒಂದೆರಡು ಹೊಲಿಗೆ. ಹತ್ತು ದಿನಕ್ಕೆ ಹೊಲಿಗೆಯನ್ನೂ ಬಿಚ್ಚಿದರು. "ಇಷ್ಟಕ್ಕs ಹೆದರಿದ್ವಿ ನೋಡು" ಎಂದು ಅವ್ವ ದೇವರಿಗೆ ಕಾಯಿ ಒಡೆಸಿದಳು.

ಇನ್ನು ನನ್ನ ತಪ್ಪು. ಡಾಕ್ಟರು ಮರಾಠಿ, ಇಂಗ್ಲಿಷ್ ಬೆರೆಸಿ ಮಾತಾಡುತ್ತಿದ್ದರು. ಮಾಮಾಗೆ ಅಂಗಡಿ, ಕಾರ್ಖಾನೆಯ ಮರಾಠಿ ಬರುತ್ತದೆ, ಆಸ್ಪತ್ರೆಯ ಮರಾಠಿ ಬರುವುದಿಲ್ಲ. ಕಾಲೇಜಿಗೆ ಹೋಗುತ್ತಿದ್ದ ನಾನೇ ದುಭಾಷಿ. ಡಾಕ್ಟರು ಹೇಳಿದ್ದು: ಆರು ವಾರ ಕೈ ಜೋಳಿಗೆಯಲ್ಲಿರಲಿ, ಆಮೇಲೆ ನಿಧಾನವಾಗಿ ಕೈ ಆಡಿಸುವ ವ್ಯಾಯಾಮ, ಮೂರು ತಿಂಗಳ ಮೇಲೆ ಬಲ ಬರುವ ವ್ಯಾಯಾಮ, ಭಾರದ ಕೆಲಸ ಆರು ತಿಂಗಳ ತನಕ ಬೇಡ. ನಾನು ಹೇಳಿದ್ದು: "ಆರು ವಾರ ಅಷ್ಟ ಮಾಮಾ, ಆಮ್ಯಾಲೆ ಕೈ ಬಿಚ್ಚತಾರ." ಕೇಳಿದವರೆಲ್ಲ ಆರು ವಾರಕ್ಕೆ ಕೈ ಸರಿಹೋಗುತ್ತದೆ ಎಂದೇ ತಿಳಿದರು. ನಾನೂ ಹಾಗೇ ತಿಳಿದಿದ್ದೆ.

ಜನವರಿ ಮಧ್ಯದಲ್ಲಿ ರಜೆಯ ಹಣ ನಿಂತಿತು. ಏಳನೆಯ ವಾರಕ್ಕೆ ಮಾಮಾ ಕೆಲಸಕ್ಕೆ ಹೋದರು. ಹಗುರ ಕೆಲಸ ಕೊಡುತ್ತೇವೆ ಎಂದಿದ್ದರು. ಕೆಲವು ದಿನ ಕೊಟ್ಟರು ಕೂಡ. ಫೆಬ್ರುವರಿಯಲ್ಲಿ ಒಂದು ಮೋಟಾರು ಎತ್ತುವಾಗ ಹೆಗಲಲ್ಲಿ ಏನೋ ಕಿತ್ತ ಹಾಗಾಯಿತು. ಸೋನೋಗ್ರಫಿಯಲ್ಲಿ ಕಂಡದ್ದು: ಹೊಲಿದದ್ದು ಮತ್ತೆ ಬಿಟ್ಟಿದೆ.

ತೂತಿನ ಮೂಲಕ ಏನು ಮಾಡುತ್ತಾರೆ?

ಕೀಲಿನೊಳಗೆ ದುರ್ಬೀನು ಹಾಕಿ ನೋಡುವ ವಿದ್ಯೆ ಹೊಸದೇನಲ್ಲ. ಜಪಾನಿನ ಕೆಂಜಿ ತಕಾಗಿ 1918ರಲ್ಲಿ ಟೋಕಿಯೋದಲ್ಲಿ ಶವದ ಮೊಣಕಾಲಿನೊಳಗೆ ಮೂತ್ರಕೋಶ ನೋಡುವ ದುರ್ಬೀನು ಹಾಕಿ ನೋಡಿದರು. ಅವರ ಶಿಷ್ಯ ಮಸಾಕಿ ವತಾನಬೆ ಅದನ್ನು ಶಸ್ತ್ರಚಿಕಿತ್ಸೆಗೆ ಒಗ್ಗುವ ಉಪಕರಣವಾಗಿ ಬೆಳೆಸಿದರು. ಹೆಗಲಿನ ರಜ್ಜುವನ್ನು ಪೂರ್ತಿಯಾಗಿ ತೂತುಗಳ ಮೂಲಕವೇ ಹೊಲಿಯುವುದು ರೂಢಿಗೆ ಬಂದದ್ದು 1990ರ ದಶಕದಲ್ಲಿ.

ಒಂದು ತೂತಿನಿಂದ ಪೆನ್ಸಿಲ್‌ಗಿಂತ ಸಣ್ಣಗಿರುವ ದುರ್ಬೀನು ಒಳಗೆ ಹೋಗುತ್ತದೆ. ಸಲೈನ್ ನೀರು ಹರಿಸಿ ಒಳಗೆ ಜಾಗ ಮಾಡುತ್ತಾರೆ. ಉಳಿದ ತೂತುಗಳಿಂದ ಉಪಕರಣಗಳು. ತೋಳಿನ ಎಲುಬಿನಲ್ಲಿ ಸಣ್ಣ ಮೊಳೆಯಂಥ ಆಂಕರ್ ಕೂರಿಸಿ, ಅದಕ್ಕೆ ಕಟ್ಟಿರುವ ದಾರದಿಂದ ಹರಿದ ರಜ್ಜುವನ್ನು ಎಲುಬಿಗೆ ಒತ್ತಿ ಕಟ್ಟುತ್ತಾರೆ. ಡಾಕ್ಟರ ಕೆಲಸ ಇಲ್ಲಿಗೆ ಮುಗಿಯಿತು. ರಜ್ಜುವಿನ ಕೆಲಸ ಇಲ್ಲಿಂದ ಆರಂಭ. ದಾರ ಹಿಡಿದುಕೊಂಡಿರುವುದು ತಾತ್ಕಾಲಿಕ. ರಜ್ಜು ಎಲುಬಿಗೆ ತಾನೇ ಬೆಸೆಯಬೇಕು. ಅದಕ್ಕೆ ತಿಂಗಳುಗಳು ಬೇಕು. ಮತ್ತೆ ಹರಿಯುವುದು ಹೆಚ್ಚಾಗಿ ಆಗುವುದು ಮೊದಲ ಮೂರರಿಂದ ಆರು ತಿಂಗಳೊಳಗೆ. ಗದ್ದೆಯಲ್ಲಿ ನಾಟಿ ಮಾಡಿದ ಸಸಿ ಬೇರೂರುವ ಮುಂಚೆ ಎಳೆದು ನೋಡಿದರೆ ಕಿತ್ತು ಬರುತ್ತದೆ. ಮಾಮಾಗೆ ಆದದ್ದು ಅದೇ.

ತೂತು ಚಿಕ್ಕದಾದರೆ ಒಳಗಿನ ಗಾಯ ಬೇಗ ಕೂಡುತ್ತದೆ ಎಂಬುದು ಭ್ರಮೆ. ಬ್ರಿಟನ್ನಿನಲ್ಲಿ ಐವತ್ತು ದಾಟಿದ 273 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಹೆಗಲು ಕೊಯ್ದು, ಇನ್ನೊಂದಕ್ಕೆ ತೂತಿನಿಂದ ಹೊಲಿದರು. ಎರಡು ವರ್ಷದ ಮೇಲೆ ನೋವಿನಲ್ಲಾಗಲಿ, ಕೈಯ ಉಪಯೋಗದಲ್ಲಾಗಲಿ ಎರಡಕ್ಕೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಎರಡೂ ಕಡೆ ಸುಮಾರು ಹತ್ತರಲ್ಲಿ ನಾಲ್ಕು ಜನರಿಗೆ ಹೊಲಿದದ್ದು ಕೂಡಿರಲಿಲ್ಲ ಅಥವಾ ಮತ್ತೆ ಹರಿದಿತ್ತು.

ಅಚ್ಚರಿಯೆಂದರೆ ಹೊಲಿಗೆ ಬಿಟ್ಟವರೂ ಆಪರೇಷನ್‌ಗೆ ಮುಂಚಿನ ಸ್ಥಿತಿಗಿಂತ ಉತ್ತಮವಾಗಿದ್ದರು. ಪೂರ್ತಿ ಕೂಡಿದವರು ಎಲ್ಲರಿಗಿಂತ ಚೆನ್ನಾಗಿದ್ದರು. ಅಮೆರಿಕೆಯಲ್ಲಿ ಬಹಳ ದೊಡ್ಡದಾಗಿ ಹರಿದಿದ್ದ 18 ಹೆಗಲುಗಳನ್ನು ತೂತಿನಿಂದ ಹೊಲಿದು, ವರ್ಷದ ಮೇಲೆ ಸೋನೋಗ್ರಫಿ ಮಾಡಿದರೆ 17ರಲ್ಲಿ ಮತ್ತೆ ಹರಿದಿತ್ತು. ಇದು 2004ರಲ್ಲಿ ಪ್ರಕಟವಾದ ವರದಿ. ಆದರೂ ಬಹುಮಂದಿಗೆ ನೋವು ಕಡಿಮೆಯಾಗಿತ್ತು. ಎರಡನೆಯ ವರ್ಷದ ಹೊತ್ತಿಗೆ ಆ ಲಾಭ ಸ್ವಲ್ಪ ಇಳಿದಿತ್ತು. ಅಂದರೆ "ನೋವು ಹೋಯಿತು" ಎಂಬುದೂ "ರಜ್ಜು ಕೂಡಿತು" ಎಂಬುದೂ ಬೇರೆ ಬೇರೆ ಮಾತು. ಎರಡನ್ನೂ ಬೇರೆ ಬೇರೆಯಾಗಿಯೇ ಕೇಳಬೇಕು.

ಹತ್ತು ವರ್ಷದ ಲೆಕ್ಕ

ಹೆಗಲು ಎಷ್ಟು ಸುಧಾರಿಸಿತು ಎಂದು ಅಳೆಯಲು 1987ರಿಂದ ಬಳಕೆಯಲ್ಲಿರುವ ಕಾನ್‌ಸ್ಟಂಟ್ ಅಂಕಪಟ್ಟಿ ಇದೆ. ನಮ್ಮ ಪರೀಕ್ಷೆಗಳ ಹಾಗೆ ನೂರು ಅಂಕ. ನೋವಿಗೆ 15, ದಿನನಿತ್ಯದ ಕೆಲಸಕ್ಕೆ 20, ಕೈ ಎಷ್ಟು ತಿರುಗುತ್ತದೆ ಎಂಬುದಕ್ಕೆ 40, ಬಲಕ್ಕೆ 25.

ನಾರ್ವೆಯಲ್ಲಿ ಮೂರು ಸೆಂಟಿಮೀಟರ್ ಮೀರದಂತೆ ಹರಿದಿದ್ದ 103 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದಕ್ಕೆ ಆಪರೇಷನ್, ಇನ್ನೊಂದಕ್ಕೆ ವ್ಯಾಯಾಮ ಮಾತ್ರ. ಹತ್ತು ವರ್ಷದ ಫಲಿತಾಂಶ 2019ರಲ್ಲಿ ಬಂತು. ಆಪರೇಷನ್ ಗುಂಪು ನೂರು ಅಂಕದ ಪಟ್ಟಿಯಲ್ಲಿ ಸರಾಸರಿ 9.6 ಅಂಕ ಮುಂದಿತ್ತು. ಐದನೆಯ ವರ್ಷ ಈ ಅಂತರ ಇದಕ್ಕಿಂತ ಕಡಿಮೆ ಇತ್ತು. ವ್ಯಾಯಾಮದ ಗುಂಪಿನಲ್ಲಿ 14 ಜನ ಮಧ್ಯದಲ್ಲಿ ಆಪರೇಷನ್ ಮಾಡಿಸಿಕೊಂಡರು. ವ್ಯಾಯಾಮದಲ್ಲೇ ಉಳಿದವರಲ್ಲಿ ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಹರಿದ ಜಾಗ ಐದು ವರ್ಷದಲ್ಲಿ ದೊಡ್ಡದಾಗಿತ್ತು. ಇಲ್ಲಿ ಮಾಡಿದ ಆಪರೇಷನ್ ಕೊಯ್ದು ಹೊಲಿದದ್ದು, ತೂತಿನದಲ್ಲ. ಆದರೆ ಎರಡರ ಫಲವೂ ಹೆಚ್ಚು ಕಡಿಮೆ ಒಂದೇ ಎಂದು ಬ್ರಿಟನ್ನಿನ ಅಧ್ಯಯನ ತೋರಿಸಿತಲ್ಲ. ಹೀಗಾಗಿ ಈ ಪಾಠ ನಮಗೂ ಸಲ್ಲುತ್ತದೆ.

ಫಿನ್ಲೆಂಡ್‌ನವರು ಬೇರೆ ರೋಗಿಗಳನ್ನು ಆರಿಸಿದರು. ಐವತ್ತೈದು ದಾಟಿದವರು, ಬಿದ್ದು ಅಲ್ಲ, ಸವೆದು ಹರಿದವರು, ಸುಪ್ರಾಸ್ಪೈನೇಟಸ್ ಒಂದೇ ಹರಿದವರು. ಒಟ್ಟು 180 ಹೆಗಲು. ಒಂದು ಗುಂಪಿಗೆ ವ್ಯಾಯಾಮ, ಒಂದಕ್ಕೆ ಮೇಲಿನ ಎಲುಬು ಕೆರೆದು ವ್ಯಾಯಾಮ, ಇನ್ನೊಂದಕ್ಕೆ ಎಲುಬು ಕೆರೆದು ರಜ್ಜು ಹೊಲಿದು ವ್ಯಾಯಾಮ. ಐದು ವರ್ಷ ದಾಟಿದ ಮೇಲೆ ನೋಡಿದರೆ ಮೂರು ಗುಂಪಿಗೂ ಗಣನೀಯ ವ್ಯತ್ಯಾಸ ಇರಲಿಲ್ಲ. ಇದು 2021ರ ವರದಿ. ಅಮೆರಿಕೆಯಲ್ಲಿ ಸವೆದು ಪೂರ್ತಿ ಹರಿದಿದ್ದ 452 ಜನರಿಗೆ ಮೊದಲು ವ್ಯಾಯಾಮ ಹೇಳಿಕೊಟ್ಟರು. ಹತ್ತು ವರ್ಷದೊಳಗೆ ಅವರಲ್ಲಿ ಆಪರೇಷನ್‌ಗೆ ಹೋದವರು ನೂರಕ್ಕೆ ಸುಮಾರು 27 ಮಾತ್ರ. ಹೋದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮೊದಲ ಆರು ತಿಂಗಳಲ್ಲೇ ಹೋಗಿದ್ದರು.

ವಯಸ್ಸಿನ ಮಾತು ಇನ್ನೊಂದಿದೆ. ಫ್ರಾನ್ಸಿನಲ್ಲಿ ತೂತಿನಿಂದ ಹೊಲಿದ 65 ಹೆಗಲುಗಳ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಒಟ್ಟಾರೆ ನೂರಕ್ಕೆ 71ರಲ್ಲಿ ರಜ್ಜು ಕೂಡಿತ್ತು. ಅರವತ್ತೈದು ದಾಟಿದವರಲ್ಲಿ ನೂರಕ್ಕೆ 43 ಮಾತ್ರ. ಹರಿದ ಜಾಗ ದೊಡ್ಡದಾಗಿದ್ದರೆ, ಸ್ನಾಯು ಸೊರಗಿ ಅದರಲ್ಲಿ ಕೊಬ್ಬು ತುಂಬಿಕೊಂಡಿದ್ದರೆ, ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದಿದ್ದರೆ, ಬೀಡಿ ಸಿಗರೇಟು ಬಿಡದಿದ್ದರೆ ಕೂಡುವ ಸಾಧ್ಯತೆ ಇನ್ನೂ ಕಡಿಮೆ.

ಇವೆಲ್ಲವನ್ನೂ ಒಟ್ಟಿಗಿಟ್ಟು ನೋಡಿದರೆ ಸಾರಾಂಶ ಇಷ್ಟು. ವಯಸ್ಸು ಚಿಕ್ಕದು, ಬಿದ್ದು ಹರಿದದ್ದು, ಕೈಯಲ್ಲಿ ಬಲವಿಲ್ಲ ಎಂದಾದರೆ ತಡಮಾಡದೆ ತಜ್ಞರನ್ನು ಕಾಣಬೇಕು; ಆಪರೇಷನ್‌ನ ಲಾಭ ಹತ್ತು ವರ್ಷಕ್ಕೂ ಉಳಿಯಬಹುದು. ವಯಸ್ಸಾಗಿದೆ, ನಿಧಾನವಾಗಿ ಸವೆದದ್ದು, ಸಣ್ಣದಾಗಿ ಹರಿದದ್ದು ಎಂದಾದರೆ ಮೂರು ತಿಂಗಳು ಮನಸ್ಸಿಟ್ಟು ವ್ಯಾಯಾಮ ಮಾಡಿ ನೋಡುವುದರಲ್ಲಿ ನಷ್ಟವಿಲ್ಲ. ರಜ್ಜು ಹರಿಯದೇ ಇದ್ದು, ಕೈ ಎತ್ತಿದಾಗ ನೋವು ಎಂಬ ಕಾರಣಕ್ಕೆ ಮೇಲಿನ ಎಲುಬನ್ನಷ್ಟೇ ಕೆರೆಯುವ ಆಪರೇಷನ್ ಹೇಳಿದರೆ ಇನ್ನೊಬ್ಬ ಡಾಕ್ಟರನ್ನೂ ಕೇಳಿ. ಬ್ರಿಟನ್ನಿನ 313 ರೋಗಿಗಳ ಅಧ್ಯಯನದಲ್ಲಿ ಎಲುಬು ಕೆರೆದದ್ದಕ್ಕೂ, ಒಳಗೆ ದುರ್ಬೀನು ಹಾಕಿ ನೋಡಿ ಸುಮ್ಮನೆ ಮುಚ್ಚಿದ್ದಕ್ಕೂ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ ಎಂದು 2017ರಲ್ಲಿ ವರದಿಯಾಯಿತು.

ಲೆಕ್ಕ ಕೇಳಿದ ಡಾಕ್ಟರು

ಮಾಮಾನ ಹೊಲಿಗೆ ಬಿಟ್ಟ ವಿಷಯ ಆಪರೇಷನ್ ಮಾಡಿದ ಆಸ್ಪತ್ರೆಗೆ ಇಂದಿಗೂ ಗೊತ್ತಿಲ್ಲ. ಸೋನೋಗ್ರಫಿ ಬೇರೆ ಕಡೆ ಆಯಿತು. ನಾವು ಮತ್ತೆ ಹೋಗಲಿಲ್ಲ, ಅವರು ಕರೆದು ಕೇಳಲಿಲ್ಲ. ಅವರ ಪುಸ್ತಕದಲ್ಲಿ ಮಾಮಾ ಮೂರನೆಯ ದಿನ ನಗುನಗುತ್ತಾ ಮನೆಗೆ ಹೋದ ರೋಗಿ. ಈ ವಿಷಯ ಯೋಚಿಸುವಾಗಲೆಲ್ಲ ನನಗೆ ನೆನಪಾಗುವುದು ಅರ್ನೆಸ್ಟ್ ಅಮೋರಿ ಕಾಡ್‌ಮನ್ ಎಂಬ ಅಮೆರಿಕೆಯ ಶಸ್ತ್ರವೈದ್ಯರು.

ಬಾಸ್ಟನ್ ನಗರದ ಕಾಡ್‌ಮನ್ ಹರಿದ ಸುಪ್ರಾಸ್ಪೈನೇಟಸ್ ರಜ್ಜುವನ್ನು ಹೊಲಿದ ಮೊದಲಿಗರಲ್ಲಿ ಒಬ್ಬರು. ಅದು 1909ರ ಮಾತು. ಹೆಗಲಿನ ಮೇಲೆ 1934ರಲ್ಲಿ ದೊಡ್ಡ ಗ್ರಂಥವನ್ನೇ ಬರೆದರು. ಆದರೆ ಅವರು ಜಗಳವಾಡಿದ್ದು ಇನ್ನೊಂದು ವಿಷಯಕ್ಕೆ. ಪ್ರತಿಯೊಬ್ಬ ರೋಗಿಯನ್ನೂ ಸಾಕಷ್ಟು ಕಾಲದ ಮೇಲೆ ಮತ್ತೆ ನೋಡಬೇಕು, ಚಿಕಿತ್ಸೆ ಫಲಿಸಿತೇ ಎಂದು ಬರೆದಿಡಬೇಕು, ಫಲಿಸದಿದ್ದರೆ ಏಕೆ ಎಂದು ಕೇಳಬೇಕು, ಆ ಲೆಕ್ಕ ಜನರಿಗೂ ತಿಳಿಯಬೇಕು ಎಂದರು. ಇದನ್ನು ಅವರು ಅಂತಿಮ ಫಲದ ವಿಚಾರ ಎಂದು ಕರೆದರು. ಸಹೋದ್ಯೋಗಿಗಳಿಗೆ ಇದು ಹಿಡಿಸಲಿಲ್ಲ. 1914ರಲ್ಲಿ ತಾವು ದುಡಿಯುತ್ತಿದ್ದ ಪ್ರಸಿದ್ಧ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಹುದ್ದೆ ಬಿಟ್ಟರು. ತಮ್ಮದೇ ಸಣ್ಣ ಆಸ್ಪತ್ರೆಯಲ್ಲಿ 1911ರಿಂದ 1916ರ ತನಕ ನೋಡಿದ 337 ರೋಗಿಗಳ ಲೆಕ್ಕ ಅಚ್ಚುಹಾಕಿಸಿದರು. ಅದರಲ್ಲಿ 123 ತಪ್ಪುಗಳನ್ನು ತಾವೇ ಒಪ್ಪಿಕೊಂಡಿದ್ದರು! 1940ರಲ್ಲಿ ತೀರಿಕೊಂಡಾಗ ಅವರ ಸಮಾಧಿಗೆ ಕಲ್ಲು ಕೂಡ ಇರಲಿಲ್ಲ. 2014ರಲ್ಲಿ ಅವರ ಹೆಸರಿನ ಕಲ್ಲು ನೆಟ್ಟರು.

ನಾರ್ವೆ, ಫಿನ್ಲೆಂಡ್‌ನ ಐದು, ಹತ್ತು ವರ್ಷಗಳ ಲೆಕ್ಕಗಳೆಲ್ಲ ಕಾಡ್‌ಮನ್ ತೋರಿಸಿದ ದಾರಿಯಲ್ಲೇ ನಡೆದವು. ಅವು ಇರದಿದ್ದರೆ ನಮಗೆ ತಿಳಿಯುತ್ತಿದ್ದುದು ಗೆದ್ದವರ ಕಥೆ ಮಾತ್ರ. ಮಾಮಾಗೆ ಧೈರ್ಯ ಹೇಳುವಾಗ ನಾವೆಲ್ಲ ನಮ್ಮ ಅನಿಲ್ ಕುಂಬ್ಳೆಯ ಹೆಸರು ಹೇಳಿದ್ದೆವು. 2001ರಲ್ಲಿ ಭುಜದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಹಳ ತಿಂಗಳು ಆಟದಿಂದ ದೂರ ಉಳಿದ ಕುಂಬ್ಳೆ, ಮರಳಿ ಬಂದು 2004ರಲ್ಲಿ ಕಪಿಲ್ ದೇವ್ ಅವರ 434 ವಿಕೆಟ್‌ಗಳ ದಾಖಲೆ ದಾಟಿದರು. 2008ರಲ್ಲಿ ನಿವೃತ್ತರಾದಾಗ ಅವರ ಟೆಸ್ಟ್ ವಿಕೆಟ್ 619. ಹೆಮ್ಮೆಯ ಮಾತೇ ಸರಿ. ಆದರೆ ನಾವು ವಿಕೆಟ್‌ಗಳನ್ನು ಎಣಿಸಿದೆವು, ನಡುವೆ ಅವರು ಕಾದ ತಿಂಗಳುಗಳನ್ನು ಎಣಿಸಲಿಲ್ಲ. ಕಾಯಲು ಕುಂಬ್ಳೆಗೆ ಅವಕಾಶವಿತ್ತು, ಮಾಮಾಗೆ ಇರಲಿಲ್ಲ.

ತೊಂಬತ್ತೊಂದು ದಿನ

ಮಾಮಾಗೆ ಇಎಸ್‌ಐ ಕಾರ್ಡ್ ಇತ್ತು. ಇಎಸ್‌ಐ ನಿಯಮದಲ್ಲಿ ಸಾಮಾನ್ಯ ಕಾಯಿಲೆಗೆ ವರ್ಷಕ್ಕೆ ಹೆಚ್ಚೆಂದರೆ 91 ದಿನ, ಸಂಬಳದ ನೂರಕ್ಕೆ 70ರಷ್ಟು ಹಣ ಸಿಗುತ್ತದೆ. ಕೆಲಸದ ಮೇಲೆ ಆದ ಗಾಯವಾದರೆ ಲೆಕ್ಕ ಬೇರೆ: ಕೆಲಸಕ್ಕೆ ಬಾರದ ಸ್ಥಿತಿ ಇರುವ ತನಕ ಸಂಬಳದ ನೂರಕ್ಕೆ 90ರಷ್ಟು ಸಿಗುತ್ತದೆ. ಶಾಶ್ವತ ಊನ ಉಳಿದರೆ ವೈದ್ಯಕೀಯ ಮಂಡಳಿ ನೋಡಿ ತಿಂಗಳ ಹಣವನ್ನೂ ನಿಗದಿ ಮಾಡುತ್ತದೆ. "ಮನ್ಯಾಗ ಬಿದ್ದೆ" ಎಂದು ಬರೆಸಿದ್ದರಿಂದ ಮಾಮಾಗೆ ಸಿಕ್ಕಿದ್ದು 91 ದಿನ. ಅದರಲ್ಲಿ ಆರು ವಾರ ಆಪರೇಷನ್ ಆಗುವ ಮುಂಚೆಯೇ ಕಳೆದಿತ್ತು. ಆಪರೇಷನ್‌ಗೆ ಬೇಕಿದ್ದದ್ದು ಆರು ತಿಂಗಳು, ಉಳಿದದ್ದು ಏಳು ವಾರ. ಹೊಲಿಗೆ ಬಿಡಲು ನನ್ನ ಅರೆಬರೆ ಅನುವಾದ ಒಂದು ಕಾರಣ, ಆ ಒಂದು ಸುಳ್ಳು ಇನ್ನೊಂದು ಕಾರಣ. ಯಾವುದು ಹೆಚ್ಚು ಎಂದು ನನಗೆ ಹೇಳಲು ಬರುವುದಿಲ್ಲ.

ಇದಾಗಿ ಹತ್ತು ವರ್ಷ ದಾಟಿತು. ಮಾಮಾ ಮತ್ತೆ ಆಪರೇಷನ್ ಮಾಡಿಸಿಕೊಳ್ಳಲಿಲ್ಲ. ರಾತ್ರಿಯ ನೋವು ಹೋಗಿದೆ, ಊಟ, ಸ್ನಾನ, ಸೈಕಲ್ ಎಲ್ಲ ಆಗುತ್ತದೆ. ಕೈ ಹೆಗಲಿಗಿಂತ ಮೇಲೆ ಏಳುವುದಿಲ್ಲ. ಫಿಟರ್ ಕೆಲಸ ಬಿಟ್ಟು ಈಗ ಮೇಜಿನ ಮುಂದೆ ಕೂತು ಮಾಲು ತಪಾಸಣೆ ಮಾಡುತ್ತಾರೆ. ಸಂಬಳ ಕಡಿಮೆ. ಆ ಕಡಿಮೆ ಸಂಬಳದಲ್ಲೇ ಮಗಳನ್ನು ಓದಿಸಿದರು.

ನಮ್ಮ ದೊಡ್ಡಪ್ಪನದು ಇನ್ನೊಂದು ಬಗೆ. ಅರವತ್ಮೂರಕ್ಕೆ ಎಡ ಹೆಗಲು ನೋಯತೊಡಗಿತು. ಬಿದ್ದದ್ದಿಲ್ಲ, ಎತ್ತಿದ್ದಿಲ್ಲ. ಎಂ.ಆರ್.ಐ.ನಲ್ಲಿ ಸಣ್ಣದಾಗಿ ಹರಿದಿತ್ತು. ಈ ಸಲ ನಾನು ಡಾಕ್ಟರ ಪ್ರತಿಯೊಂದು ಮಾತನ್ನೂ ಬರೆದುಕೊಂಡೆ, ಮನೆಗೆ ಬಂದು ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಮೂರು ತಿಂಗಳು ದೊಡ್ಡಪ್ಪ ಗೊಣಗುತ್ತಲೇ ರಬ್ಬರ್ ಪಟ್ಟಿ ಎಳೆದರು. ಈಗ ಮೇಲಿನ ಕಪಾಟಿನಿಂದ ಡಬ್ಬಿ ಇಳಿಸುತ್ತಾರೆ. ಗ್ಯಾಸ್ ಸಿಲಿಂಡರ್ ಎತ್ತಲು ಹೋದರೆ ದೊಡ್ಡವ್ವ ಬೈಯುತ್ತಾಳೆ.

ನೀವು ಕೇಳಬೇಕಾದ ಪ್ರಶ್ನೆಗಳು

ನಮ್ಮ ತಲೆಮಾರಿಗೆ ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷ್ ನಾಲ್ಕೂ ಬರುತ್ತವೆ ಎಂದು ಹಿರಿಯರು ಹೆಮ್ಮೆಪಡುತ್ತಾರೆ. ಆಸ್ಪತ್ರೆಯಲ್ಲಿ ಅವರ ನಾಲಿಗೆಯೂ ಕಿವಿಯೂ ನಾವೇ. ಹೀಗಾಗಿ ಮನೆಯಲ್ಲಿ ಯಾರಿಗಾದರೂ ಹೆಗಲಿನ ಆಪರೇಷನ್ ಹೇಳಿದರೆ ಈ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ:

1. ಇದು ಬಿದ್ದು ಹರಿದದ್ದೇ, ಸವೆದು ಹರಿದದ್ದೇ? ಎಷ್ಟು ದೊಡ್ಡದು? ಸ್ನಾಯುವಿನಲ್ಲಿ ಕೊಬ್ಬು ತುಂಬಿದೆಯೇ?

2. ವ್ಯಾಯಾಮ ಮಾಡಿ ಮೂರು ತಿಂಗಳು ನೋಡಿದರೆ ನಷ್ಟವೇನು? ಕಾಯಬಾರದ ಕಾರಣವೇನಾದರೂ ಇದೆಯೇ?

3. ಈ ವಯಸ್ಸಿಗೆ, ಈ ಸಕ್ಕರೆಗೆ, ರಜ್ಜು ಕೂಡುವ ಸಾಧ್ಯತೆ ಎಷ್ಟು?

4. ಜೋಳಿಗೆ ಎಷ್ಟು ವಾರ? ಕೈ ತಾನೇ ಎತ್ತುವುದು ಯಾವಾಗ? ಭಾರ ಎತ್ತುವುದು ಯಾವಾಗ? ಮೂರನ್ನೂ ಬೇರೆ ಬೇರೆಯಾಗಿ ಕೇಳಿ, ಬೇರೆ ಬೇರೆಯಾಗಿ ಬರೆದುಕೊಳ್ಳಿ.

5. ಅಷ್ಟು ತಿಂಗಳು ಮನೆ ನಡೆಯುವುದು ಹೇಗೆ? ಇದು ಡಾಕ್ಟರಿಗೆ ಕೇಳುವ ಪ್ರಶ್ನೆಯಲ್ಲ, ಆಪರೇಷನ್‌ನ ತಾರೀಖು ಗೊತ್ತುಮಾಡುವ ಮುಂಚೆ ಮನೆಯಲ್ಲಿ ಕೂತು ಕೇಳಿಕೊಳ್ಳುವ ಪ್ರಶ್ನೆ. ಕೆಲಸದ ಮೇಲೆ ಗಾಯವಾಗಿದ್ದರೆ ಅದೇ ದಿನ ಹಾಗೆಂದೇ ಬರೆಸಿ. ಯಾರು ಬೇಡವೆಂದರೂ ಬರೆಸಿ.

6. ಆರು ತಿಂಗಳು, ವರ್ಷದ ಮೇಲೆ ಮತ್ತೆ ತೋರಿಸಲು ಬರಬೇಕೇ? ಕರೆಯದಿದ್ದರೂ ಹೋಗಿ. ಕೈ ಸರಿಹೋಗಿದ್ದರೆ ಅದನ್ನು ಹೇಳಿ, ಹೋಗದಿದ್ದರೆ ಅದನ್ನೂ ಹೇಳಿ. ನಿಮ್ಮ ಮುಂದಿನ ರೋಗಿಗೆ ಅದರಿಂದ ಉಪಕಾರ.

"ತಾಳಿದವನು ಬಾಳಿಯಾನು" ಎಂಬ ಗಾದೆಯನ್ನು ನಮ್ಮ ಹಿರಿಯರು ನಮಗೆ ಎಷ್ಟೋ ಸಲ ಹೇಳಿದ್ದಾರೆ. ಹೆಗಲಿನ ವಿಷಯದಲ್ಲಿ ಅದನ್ನು ಅವರಿಗೆ ನಾವು ಹೇಳಬೇಕಾಗಿದೆ. ಹಾಗೆ ಹೇಳುವಾಗ ಮೂರು ಕಾಲವನ್ನೂ ತಪ್ಪದೆ ಹೇಳಿ: ತೂತು ಮಾಯುವುದು ಹತ್ತು ದಿನಕ್ಕೆ, ರಜ್ಜು ಬೆಸೆಯುವುದು ಆರು ತಿಂಗಳಿಗೆ, ಫಲ ತಿಳಿಯುವುದು ವರ್ಷಗಳ ಮೇಲೆ. ಮೊದಲನೆಯದನ್ನು ಮಾತ್ರ ಹೇಳಿ ನಾನು ಮಾಮಾಗೆ ಅನ್ಯಾಯ ಮಾಡಿದೆ. ಅವರು ಇಂದಿಗೂ ಅದನ್ನು ಎತ್ತಿ ಆಡಿಲ್ಲ. ಕಳೆದ ರಾಜ್ಯೋತ್ಸವದಲ್ಲಿ ತೋರಣದ ದಾರವನ್ನು ನನ್ನ ಕೈಗೇ ಕೊಟ್ಟು, "ಗಟ್ಟಿ ಕಟ್ಟು, ಬಿಡಬಾರದು ನೋಡು" ಎಂದರು. ಗಂಟು ಎರಡು ಸಲ ಹಾಕಿದೆ.